ಅರವತ್ತೈದರ ಒಳಗೆ

ನನ್ನ ಚಹಾದ ಲೋಟಗಳನ್ನು ದಿನಕ್ಕೆ ಎಷ್ಟು ಸಲ ತೊಳೆದರೂ ಕಪ್ಪು ಹೋಗುವುದಿಲ್ಲ. ತೊಳೆದು ಬೋರಲು ಹಾಕಿ ಹತ್ತು ನಿಮಿಷ ಬಿಟ್ಟು ನೋಡಿದರೆ ಮೇಲೆ ಮಸಿ ಕೂತಿರುತ್ತದೆ. ಹಾಲಿನ ಪಾತ್ರೆಗೆ ತಟ್ಟೆ ಮುಚ್ಚುವುದು ಮರೆತರೆ ಆ ಹಾಲು ಚರಂಡಿಗೆ. ಸಂಜೆ ಹೊಸಮನೆ ಬಡಾವಣೆಯ ನನ್ನ ಮನೆಗೆ ಹೋಗಿ ಮೂಗು ಸೀನಿದರೆ ಸೆರಗೆಲ್ಲ ಕಪ್ಪು. ಎರಡು ವರ್ಷದಿಂದ ಕೆಮ್ಮು ಬಿಟ್ಟಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು, "ಬೀಡಿ ಸೇದ್ತೀಯೇನಮ್ಮ?" ಎಂದು ಕೇಳಿದರು. ನಾನು ಹುಟ್ಟಿದ ಮೇಲೆ ಬೀಡಿ ಮುಟ್ಟಿದವಳಲ್ಲ.

ನನ್ನ ಹೆಸರು ಸಣ್ಣಮ್ಮ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ, ವಿದ್ಯಾನಗರದ ಹತ್ತಿರ, ಒಂದು ದೊಡ್ಡ ತಗಡಿನ ಶೆಡ್ಡಿದೆ. ಅದರ ಗೋಡೆಗೆ ಒರಗಿಕೊಂಡೇ ನನ್ನ ಚಹಾದಂಗಡಿ. ಶೆಡ್ಡಿನ ಮೇಲೆ 'ಸ್ಫೂರ್ತಿ ಹೊಗೆ ತಪಾಸಣಾ ಕೇಂದ್ರ' ಎಂದು ಹಸಿರು ಅಕ್ಷರದಲ್ಲಿ ಬರೆದಿದೆ. ಸ್ಫೂರ್ತಿ ಎಂದರೆ ಮಾಲೀಕ ಪ್ರಸನ್ನಕುಮಾರರ ಮಗಳು. ಊರವರ ಗಾಳಿ ಚೊಕ್ಕವಾಗಿರಲಿ ಎಂದು ಸರ್ಕಾರ ಹೊಗೆ ಪರೀಕ್ಷೆ ಕಡ್ಡಾಯ ಮಾಡಿತಲ್ಲ, ಅದು ನಡೆಯುವ ಜಾಗ ಇದು. ಊರಿನ ಡೀಸೆಲ್ ಗಾಡಿಗಳೆಲ್ಲ ಇಲ್ಲಿಗೆ ಬಂದು, ನನ್ನ ಒಲೆಯ ಪಕ್ಕ ಹೊಗೆ ಉಗುಳಿ, ಚೊಕ್ಕವಾಗಿವೆ ಎಂದು ಕಾಗದ ತೆಗೆದುಕೊಂಡು ಹೋಗುತ್ತವೆ.

ಪರೀಕ್ಷೆ ಹೇಗೆ ಅಂದರೆ, ಗಾಡಿಯ ಸೈಲೆನ್ಸರಿಗೆ ಒಂದು ಪೈಪು ತೂರಿಸುತ್ತಾರೆ. ಡ್ರೈವರು ಆಕ್ಸಲರೇಟರನ್ನು ತಳದವರೆಗೆ ಒತ್ತಬೇಕು. ಮೆಷಿನ್ನಿನಲ್ಲಿ ಒಂದು ನಂಬರು ಬರುತ್ತದೆ. ಅರವತ್ತೈದರ ಒಳಗಿದ್ದರೆ ಪಾಸು, ಮೇಲಾದರೆ ಫೇಲು. ಫೇಲಾದ ಟ್ಯಾಕ್ಸಿಗೆ ಓಡಲು ಯೋಗ್ಯ ಎನ್ನುವ ಕಾಗದ, ಅಂದರೆ ಎಫ್‌ಸಿ ಇಲ್ಲ. ಎಫ್‌ಸಿ ಇಲ್ಲದಿದ್ದರೆ ಪರ್ಮಿಟ್ಟಿಲ್ಲ. ಪರ್ಮಿಟ್ಟಿಲ್ಲದ ಟ್ಯಾಕ್ಸಿಯನ್ನು ಮನೆ ಮುಂದೆ ನಿಲ್ಲಿಸಿ ಕೋಳಿ ಸಾಕಬಹುದು, ಅಷ್ಟೆ. ಪೆಟ್ರೋಲ್ ಗಾಡಿಯ ಹೊಗೆ ನೋಡುವವರು ಊರಲ್ಲಿ ನಾಲ್ಕು ಜನ ಇದ್ದರು. ಡೀಸೆಲ್ಲಿನ ಮೆಷಿನ್ನು ಆಗ ಪ್ರಸನ್ನಕುಮಾರರ ಹತ್ತಿರ ಮಾತ್ರ ಇತ್ತು.

ಹೊನ್ನಯ್ಯ ಮೊದಲ ಸಲ ಬಂದಿದ್ದು ಎರಡು ಸಾವಿರದ ಎರಡನೇ ಇಸವಿಯ ಫೆಬ್ರವರಿಯಲ್ಲಿ. ಭದ್ರಾವತಿಯ ನ್ಯೂಟೌನ್ ಸ್ಟ್ಯಾಂಡಿನ ಡ್ರೈವರು. ಐವತ್ತರ ಮೇಲೆ ವಯಸ್ಸು, ಕಾಖಿ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಬೇರೆಯವರ ಗಾಡಿ ಇಪ್ಪತ್ತು ವರ್ಷ ಓಡಿಸಿ, ಕೊನೆಗೆ ಒಂದು ಹಳೇ ಡೀಸೆಲ್ ಅಂಬಾಸಿಡರು ಕೊಂಡಿದ್ದರು. ಭದ್ರಾವತಿಯಿಂದ ಶಿವಮೊಗ್ಗದ ಆಸ್ಪತ್ರೆಗಳಿಗೆ ರೋಗಿಗಳನ್ನು ತರುವುದು ಅವರ ಕೆಲಸ. ಬಸುರಿ ಹೆಂಗಸರು, ಆಪರೇಷನ್ ಆದವರು, ಬೆನ್ನು ಮುರಿದುಕೊಂಡ ಕೂಲಿಯವರು, ಎಲ್ಲರೂ ಹೊನ್ನಯ್ಯನ ಕಾರನ್ನೇ ಕೇಳುತ್ತಿದ್ದರು. ಅವರು ನಲವತ್ತರ ಮೇಲೆ ಓಡಿಸಿದವರೇ ಅಲ್ಲ.

ಅವತ್ತು ಕಾರಿನ ಮೂತಿಗೆ ಅರಿಶಿನ ಕುಂಕುಮ ಹಚ್ಚಿತ್ತು, ಬಂಪರಿಗೆ ಸೇವಂತಿಗೆ ಹಾರ. ಹೆಂಡತಿ ನಂಜಮ್ಮ ಬೆಳಿಗ್ಗೆಯೇ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಕಳಿಸಿದ್ದಳು. ಮೆಷಿನ್ನು ನಡೆಸುವ ವೀರೇಂದ್ರ ಪೈಪು ತೂರಿಸಿ, "ಒತ್ರೀ" ಎಂದ. ಹೊನ್ನಯ್ಯ ಮೆಲ್ಲಗೆ ಒತ್ತಿದರು.

"ಪೂರ್ತಿ ಒತ್ರೀ ಯಜಮಾನ್ರೇ."

"ಅಷ್ಟು ಒತ್ತಿ ಅಭ್ಯಾಸ ಇಲ್ಲ ಕಣಪ್ಪ."

ಒತ್ತಿದರು. ಹಿಂದಿನಿಂದ ಕರೀ ಹೊಗೆ ಬುಸ್ಸೆಂದು ಬಂದು ನನ್ನ ಅಂಗಡಿಯನ್ನೇ ಮುಚ್ಚಿತು. ಎಪ್ಪತ್ತನಾಲ್ಕು.

ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರು ತ್ರಿವಿಕ್ರಮ ಅಲ್ಲೇ ತನ್ನ ಮೆಟಡಾರ್ ಹಿಡಿದುಕೊಂಡು ಸರದಿಯಲ್ಲಿದ್ದ. ಅವನು ನಕ್ಕುಬಿಟ್ಟ.

"ಅಲ್ಲ ಮಾರಾಯ, ಭದ್ರಾವತಿಯಿಂದ ಹೆಂಗೆ ಬಂದೆ?"

"ನಿಧಾನಕ್ಕೆ ಬಂದೆ. ಪರೀಕ್ಷೆ ಅಲ್ವಾ, ಇಂಜಿನ್ನಿಗೆ ಆಯಾಸ ಆಗಬಾರ್ದು ಅಂತ ಮೂವತ್ತರಲ್ಲೇ ತಂದೆ."

"ಅದೇ ತಪ್ಪು. ನೀನು ನಿಧಾನ ಓಡಿಸಿ ಓಡಿಸಿ ಸೈಲೆನ್ಸರ್ ತುಂಬ ಮಸಿ ಕಟ್ಟಿದೆ. ವರ್ಷದ ಮಸಿಯೆಲ್ಲ ಇಲ್ಲೇ ಉಗುಳ್ತು ನೋಡು. ಪರೀಕ್ಷೆ ದಿನ ಮಾಚೇನಹಳ್ಳಿಯಿಂದ ಥರ್ಡ್ ಗೇರಲ್ಲಿ ಕಿತ್ಕೊಂಡು ಬರ್ಬೇಕು. ಎಲ್ಲ ದಾರೀಲೇ ಉದುರಿಹೋಗುತ್ತೆ."

ಹೊನ್ನಯ್ಯನ ಮುಖ ಸಣ್ಣದಾಯಿತು. ರೋಗಿಗಳಿಗೆ ನೋವಾಗಬಾರದೆಂದು ವರ್ಷಗಟ್ಟಲೆ ಮೆಲ್ಲಗೆ ಓಡಿಸಿದ್ದೇ ಈಗ ಕುತ್ತಿಗೆಗೆ ಬಂದಿತ್ತು. ಚಹಾ ಕುಡಿದು, ಹಾರ ಬಿಚ್ಚಿ ಸೀಟಿನ ಮೇಲಿಟ್ಟುಕೊಂಡು ಹೋದರು.

ಎರಡನೇ ಸಲ ಅವರು ತ್ರಿವಿಕ್ರಮ ಹೇಳಿದ ಹಾಗೇ ಬಂದರು. ಮಾಚೇನಹಳ್ಳಿಯಿಂದ ಥರ್ಡ್ ಗೇರಿನಲ್ಲಿ ಕಿರುಚಿಸಿಕೊಂಡು ಬಂದಿದ್ದರಂತೆ. "ದಾರೀಲಿ ಎಲ್ರೂ ನನ್ನೇ ನೋಡಿದ್ರು ಸಣ್ಣಮ್ಮ, ಕುಡಿದು ಓಡಿಸ್ತಿದೀನಿ ಅಂದ್ಕೊಂಡಿರ್ಬೇಕು" ಎಂದರು. ಅವತ್ತು ಹೊಗೆ ನಿಜಕ್ಕೂ ಕಡಿಮೆ ಇತ್ತು. ಹೊಗೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೂ ಮೆಷಿನ್ನು ಎಪ್ಪತ್ತೊಂದು ಹೇಳಿತು.

ಪ್ರಸನ್ನಕುಮಾರರು ಕ್ಯಾಬಿನ್ನಿನಿಂದ ಹೊರಗೆ ಬಂದರು. ಬಿಳೀ ಷರ್ಟು, ಹಣೆಗೆ ವಿಭೂತಿ, ಮಾತು ಬೆಣ್ಣೆ. ವಿದ್ಯಾನಗರದಲ್ಲಿ ಎರಡಂತಸ್ತಿನ ಮನೆ, ಊರಾಚೆ ಅವರಪ್ಪನ ಕಾಲದ ಜಮೀನು, ಜೊತೆಗೆ ಆರು ಗಾಡಿಗಳ 'ಸ್ಫೂರ್ತಿ ಟ್ರಾವೆಲ್ಸ್'.

"ಏನ್ ಹೊನ್ನಯ್ಯ, ಪಂಪು ನಾಝಲ್ಲು ಮಾಡಿಸಿದ್ರಾ?"

"ಇಲ್ಲ ಸ್ವಾಮಿ."

"ಮಾಡಿಸಿ. ಮೆಷಿನ್ನು ಸುಳ್ಳು ಹೇಳಲ್ಲ ನೋಡಿ. ನಾನೇನು ಬರೆಯೋದಲ್ಲ, ಕಂಪ್ಯೂಟರ್ ಬರೆಯೋದು. ಮಾರ್ಚ್ ಮೂವತ್ತೊಂದಕ್ಕೆ ನಿಮ್ಮ ಎಫ್‌ಸಿ ಮುಗೀತದೆ ಅಲ್ವಾ?"

ನಂಜಮ್ಮ ಭದ್ರಾವತಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಲಂಗ, ಜಾಕೀಟು, ದಿಂಬಿನ ಚೀಲ. ಆ ಹೊಲಿಗೆ ಮೆಷಿನ್ನನ್ನು ಮಾರಿ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಲ್ಕು ಹೊಸ ನಾಝಲ್ ಹಾಕಿಸಿದರು, ಪಂಪು ಬಿಚ್ಚಿಸಿ ಸರ್ವಿಸ್ ಮಾಡಿಸಿದರು. ಮೂರನೇ ಸಲ ನಂಜಮ್ಮನೂ ಕಾರಿನಲ್ಲಿ ಬಂದಳು. ಮಾರ್ಚ್ ಇಪ್ಪತ್ತೆಂಟು ಅವತ್ತು. ಅವಳು ನನ್ನ ಬೆಂಚಿನ ತುದಿಯಲ್ಲಿ ಕೂತಳು. ಕೈಯ ಬೆರಳುಗಳು ಮಡಿಲಲ್ಲಿ ಸುಮ್ಮನೆ ಇರುತ್ತಿರಲಿಲ್ಲ, ಸೆರಗಿನ ಅಂಚು ಮಡಿಸುತ್ತಿದ್ದವು, ಬಿಡಿಸುತ್ತಿದ್ದವು.

"ಆಗುತ್ತೆ ಕಣಮ್ಮ" ಎಂದೆ. "ಹೊಸ ಸಾಮಾನು ಹಾಕ್ಸಿದೀರಲ್ಲ."

ಹೊನ್ನಯ್ಯ ಆಕ್ಸಲರೇಟರ್ ಒತ್ತಿದರು. ಸೈಲೆನ್ಸರಿನಿಂದ ತೆಳ್ಳಗೆ, ಒಲೆ ಆರುವಾಗ ಬರುವಷ್ಟು ಹೊಗೆ ಬಂತು. ನನ್ನ ಲೋಟದ ಮೇಲೆ ಒಂದು ಚುಕ್ಕಿ ಬೀಳಲಿಲ್ಲ. ತ್ರಿವಿಕ್ರಮ ಚಪ್ಪಾಳೆ ತಟ್ಟಿದ. ವೀರೇಂದ್ರ ಮೆಷಿನ್ನು ನೋಡಿದ, ಮುಖ ತಗ್ಗಿಸಿದ, ಕಾಗದ ಹರಿದು ಕೊಟ್ಟ.

ಎಪ್ಪತ್ತೆಂಟು.

"ಜಾಸ್ತಿ ಆಯ್ತಲ್ಲಪ್ಪ" ಎಂದರು ಹೊನ್ನಯ್ಯ. ಅವರಿಗೆ ಸಿಟ್ಟು ಬರಲಿಲ್ಲ. ಕಾಗದವನ್ನು ತಿರುಗಿಸಿ ಹಿಂದೆ ಏನಾದರೂ ಬರೆದಿದೆಯಾ ಎಂದು ನೋಡಿದರು.

"ಇನ್ನೊಂದ್ಸಲ ನೋಡ್ತೀರಾ? ಕಾಲಿಗೆ ಬೀಳ್ತೀನಿ" ಎಂದಳು ನಂಜಮ್ಮ.

ವೀರೇಂದ್ರ ಕ್ಯಾಬಿನ್ನಿನ ಕಡೆ ನೋಡಿದ. "ಹಂಗೆಲ್ಲ ಆಗಲ್ಲಮ್ಮ."

ಪ್ರಸನ್ನಕುಮಾರರು ಬಂದು ಹೊನ್ನಯ್ಯನ ಹೆಗಲ ಮೇಲೆ ಕೈ ಹಾಕಿದರು. "ಇಂಜಿನ್ನೇ ಸತ್ತಿದೆ ಹೊನ್ನಯ್ಯ. ಹೆಣಕ್ಕೆ ಔಷಧಿ ಹಾಕ್ತಾ ಇದೀರಿ. ಇನ್ನು ಮೂರು ದಿನ ಬಿಟ್ರೆ ಇದು ಗುಜರಿ. ನೋಡಿ, ನಿಮ್ಮ ಕಷ್ಟ ನೋಡೋಕಾಗಲ್ಲ ನಂಗೆ. ಗುಜರಿಯವನು ಕೊಡೋದಕ್ಕಿಂತ ಒಂದು ಸ್ವಲ್ಪ ಜಾಸ್ತಿ ಹಾಕಿ ನಾನೇ ತಗೋತೀನಿ. ಇಂಜಿನ್ ಬದಲಾಯಿಸೋ ತಾಕತ್ತು ನನಗಿದೆ, ನಿಮಗಿಲ್ಲ. ನನ್ನ ಟ್ರಾವೆಲ್ಸಲ್ಲಿ ಡ್ರೈವರ್ ಕೆಲಸನೂ ಕೊಡ್ತೀನಿ. ಇನ್ನೇನು ಬೇಕು?"

ಗಂಡ ಹೆಂಡತಿ ನನ್ನ ಅಂಗಡಿಗೆ ಬಂದು ನಿಂತರು. ಇಬ್ಬರೂ ಚಹಾ ಮುಟ್ಟಲಿಲ್ಲ.

"ಏನ್ ಮಾಡ್ಲಿ ಸಣ್ಣಮ್ಮ?" ಎಂದು ಕೇಳಿದರು ಹೊನ್ನಯ್ಯ.

ಈಗಲೂ ಆ ಮಾತು ನೆನೆದರೆ ನನ್ನ ನಾಲಿಗೆಯನ್ನು ಕಿತ್ತು ಒಲೆಗೆ ಹಾಕಬೇಕು ಅನಿಸುತ್ತದೆ. ನಾನು ಹೇಳಿದೆ, "ಕೊಟ್ಬಿಡಿ ಅಣ್ಣ. ಕೆಲಸನಾದ್ರೂ ಉಳಿಯುತ್ತೆ. ಇಲ್ದಿದ್ರೆ ಎರಡೂ ಹೋಗುತ್ತೆ."

ಅವತ್ತು ಸಂಜೆಯೇ ಸಹಿ ಹಾಕಿದರು. ನಂಜಮ್ಮ ಡ್ಯಾಶ್‌ಬೋರ್ಡಿನ ಮೇಲಿದ್ದ ದೇವರ ಪಟವನ್ನು ಬಿಚ್ಚಿ ಸೆರಗಿನಲ್ಲಿ ಸುತ್ತಿಕೊಂಡಳು. ಇಬ್ಬರೂ ರಸ್ತೆ ದಾಟಿ ಭದ್ರಾವತಿಯ ಬಸ್ಸಿಗೆ ಕೈ ಅಡ್ಡ ಹಿಡಿದರು. ಮೊದಲನೇ ಬಸ್ಸು ನಿಲ್ಲಿಸಲಿಲ್ಲ. ಎರಡನೆಯದು ನಿಲ್ಲಿಸಿತು.

ಹದಿನೆಂಟು ದಿನ ಕಳೆಯಿತು. ಏಪ್ರಿಲ್ ಮಧ್ಯ, ಬಿಸಿಲು ತಗಡನ್ನು ಕಾಯಿಸುತ್ತಿತ್ತು. ಶೆಡ್ಡಿನ ಮುಂದೆ ಎಂಟು ಗಾಡಿ ಸರದಿ ನಿಂತಿದ್ದವು. ತ್ರಿವಿಕ್ರಮನ ಮೆಟಡಾರೂ ಇತ್ತು, ಎರಡು ಸಲ ಫೇಲಾಗಿ ಮೂರನೇ ಸಲಕ್ಕೆ ಬಂದಿದ್ದ. ಅಷ್ಟರಲ್ಲಿ ಒಂದು ಬಿಳೀ ಅಂಬಾಸಿಡರು ಸರದಿ ಬಿಟ್ಟು ನೇರ ಒಳಗೆ ಹೋಯಿತು. ಹೊಸ ಬಣ್ಣ. ಗಾಜಿನ ಮೇಲೆ 'ಸ್ಫೂರ್ತಿ ಟ್ರಾವೆಲ್ಸ್'. ಸ್ಟೇರಿಂಗ್ ಹಿಡಿದು ಕೂತಿದ್ದವರು ಹೊನ್ನಯ್ಯ. ನಾನು ಕೈ ಎತ್ತಿದೆ. ಅವರು ನೋಡಿಯೂ ನೋಡದವರ ಹಾಗೆ ಮುಂದೆ ನೋಡಿದರು. ಸ್ವಂತ ಕಾರಿಗೆ ಕೂಲಿ ಡ್ರೈವರಾದ ಮನುಷ್ಯ ಯಾರ ಮುಖ ನೋಡುತ್ತಾನೆ.

ವೀರೇಂದ್ರ ನನ್ನ ಅಂಗಡಿಗೆ ಬಂದ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ, ಹಿಂದಿನ ದಿನ ಕಾದ ಸೈಲೆನ್ಸರು ತಾಗಿ ಸುಟ್ಟಿತ್ತು.

"ಅಮ್ಮ, ಒಂದು ಲೋಟ ಬಿಸಿನೀರು."

ಅವನು ಆಗೊಮ್ಮೆ ಈಗೊಮ್ಮೆ ಬಿಸಿನೀರು ಒಯ್ಯುತ್ತಿದ್ದ. ಕೈ ತೊಳೆಯೋಕೆ ಅಂದುಕೊಂಡಿದ್ದೆ. ಯಾತಕ್ಕೆ ಎಂದು ಒಂದು ದಿನವೂ ಕೇಳಿದವಳಲ್ಲ.

"ಸುಟ್ಟ ಕೈಯಲ್ಲಿ ಹೆಂಗೆ ಹಿಡೀತೀಯಪ್ಪ, ನಡಿ ನಾನೇ ತರ್ತೀನಿ" ಎಂದು ಹಿಂದೆಯೇ ಹೋದೆ.

ಅವನು ಮೆಷಿನ್ನಿನ ಪಕ್ಕದ ಮುಚ್ಚಳ ತೆಗೆದ. ಒಳಗಿನಿಂದ ರೂಪಾಯಿ ಅಗಲದ ಒಂದು ಗಾಜನ್ನು ಎಡಗೈಯಲ್ಲಿ ಹೊರಗೆಳೆದ. ಒಂದು ಹಳೇ ಬಟ್ಟೆಯನ್ನು ಬಿಸಿನೀರಿಗೆ ಅದ್ದಿ ಒರೆಸಿದ. ಬಟ್ಟೆ ರೊಟ್ಟಿ ಹೆಂಚಿನ ತಳ ಒರೆಸಿದಷ್ಟು ಕಪ್ಪಾಯಿತು. ಇನ್ನೊಂದು ಗಾಜನ್ನೂ ಹಾಗೇ ಒರೆಸಿ ಹಾಕಿದ. ಆಮೇಲೆ ಪೈಪು ತೂರಿಸಿ, "ಒತ್ರೀ" ಎಂದ.

ಮೆಷಿನ್ನಿನಲ್ಲಿ ಕೆಂಪು ನಂಬರು ಬಂತು. ಅಂಕಿ ಓದೋಕೆ ನನಗೆ ಬರುತ್ತದೆ. ನಲವತ್ತೊಂಬತ್ತು.

"ಇದು ಯಾತಕ್ಕಪ್ಪ ಒರೆಸೋದು?" ಎಂದೆ.

"ಹೊಗೆ ಎಷ್ಟಿದೆ ಅಂತ ಬೆಳಕು ಬಿಟ್ಟು ನೋಡುತ್ತಮ್ಮ ಮೆಷಿನ್ನು. ಗಾಜಿನ ಮೇಲೆ ಮಸಿ ಕೂತಿದ್ರೆ ಅದನ್ನೂ ಹೊಗೆ ಅಂತಲೇ ಲೆಕ್ಕ ಹಿಡಿಯುತ್ತೆ."

"ಹಂಗಾದ್ರೆ ಎಲ್ಲ ಗಾಡಿಗೂ ಒರೆಸ್ಬೇಕಲ್ಲ."

ಅವನು ಕಪ್ಪಾದ ಬಟ್ಟೆಯನ್ನು ಮೆಷಿನ್ನಿನ ಹಿಂದಕ್ಕೆ ತಳ್ಳಿದ.

"ಹೊನ್ನಯ್ಯಣ್ಣ ಮೂರು ಸಲ ಬಂದಾಗ ನೀನು ನನ್ ಹತ್ರ ನೀರು ಕೇಳಲಿಲ್ಲ ಕಣೋ."

"ಅಮ್ಮ, ಮೆಲ್ಲಗೆ. ನಾನು ಸಂಬಳಕ್ಕಿರೋನು. ಯಾವ ಗಾಡಿಗೆ ಒರೆಸ್ಬೇಕು ಅಂತ ಸಾಹೇಬ್ರು ಹೇಳ್ತಾರೆ. ನನಗೂ ಎರಡು ಮಕ್ಕಳಿವೆ."

ಎರಡು ವರ್ಷ ನಾನೇ ನೀರು ಕಾಯಿಸಿ ಕೊಟ್ಟಿದ್ದೆ. ಕೊಟ್ಟುಬಿಡಿ ಅಣ್ಣ ಎಂದವಳೂ ನಾನೇ. ಹೊನ್ನಯ್ಯ ಕಾರಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನಮ್ಮಿಬ್ಬರನ್ನೇ ನೋಡುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಇಂಜಿನ್ ಆಫ್ ಮಾಡಿ ಕೆಳಗಿಳಿದರು.

"ಎಷ್ಟು ಬಂತು ವೀರೇಂದ್ರ?"

"ಪಾಸ್ ಆಗಿದೆ, ಹೋಗಿ ಹೊನ್ನಯ್ಯ."

"ಎಷ್ಟು ಬಂತು ಅಂದೆ."

"ನಲವತ್ತೊಂಬತ್ತು."

ಹೊನ್ನಯ್ಯ ಬಾನೆಟ್ ಎತ್ತಿದರು. "ಬಾ ತ್ರಿವಿಕ್ರಮ, ನೋಡು. ಯಾವ ಇಂಜಿನ್ ಬದಲಾಯಿಸಿದಾರೆ ಹೇಳು. ಅದೇ ಪಂಪು. ಅವೇ ನಾಝಲ್ಲು, ನನ್ ಹೆಂಡ್ತಿ ಹೊಲಿಗೆ ಮೆಷಿನ್ನು ಮಾರಿ ಹಾಕ್ಸಿದ್ದು. ಹದಿನೆಂಟು ದಿನದಿಂದ ಇದನ್ನ ತೊಳಿಯೋನೂ ನಾನೇ, ಆಯಿಲ್ ನೋಡೋನೂ ನಾನೇ. ಬಣ್ಣ ಬಳಿದ್ರು. ಇನ್ನೇನೂ ಮಾಡಿಲ್ಲ."

ಸರದಿಯಲ್ಲಿದ್ದ ಡ್ರೈವರುಗಳು ಒಬ್ಬೊಬ್ಬರೇ ಇಳಿದು ಒಳಗೆ ಬಂದರು. ಗಾಜಿನ ವಿಷಯವನ್ನು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಮಸಿ ಬಟ್ಟೆಯನ್ನು ಎತ್ತಿ ತೋರಿಸಿದೆ. ವೀರೇಂದ್ರ ಅದನ್ನು ಕಿತ್ತುಕೊಳ್ಳಲಿಲ್ಲ.

ಪ್ರಸನ್ನಕುಮಾರರು ಹೊರಗೆ ಬಂದರು.

"ಏನಿದು ಜಾತ್ರೆ? ಹೊನ್ನಯ್ಯ, ಗಾಡಿ ತೆಗಿ. ಹನ್ನೊಂದು ಗಂಟೆಗೆ ಎಫ್‌ಸಿಗೆ ತೋರಿಸ್ಬೇಕು."

"ಗಾಡಿ ಯಾರದ್ದು ಸ್ವಾಮಿ?"

"ತಲೆ ಕೆಟ್ಟಿದ್ಯಾ? ನೀನೇ ಸಹಿ ಹಾಕಿ ಕೊಟ್ಟಿದೀಯ. ಪೇಪರ್ ನನ್ನ ಹೆಸರಲ್ಲಿದೆ."

"ಹಾಕಿದೀನಿ. ಫೇಲು ಅಂತ ಹೇಳಿದ್ರಿ, ಹಾಕ್ದೆ. ಈಗ ಪಾಸು ಅಂತಿದೀರಿ. ಹಂಗಾದ್ರೆ ಆ ಸಹಿ ವಾಪಸ್ ಕೊಡಿ."

"ಮರ್ಯಾದೆಯಿಂದ ಕೀ ಕೊಡು."

"ಇಲ್ಲ ಅಂದ್ರೆ ಇವತ್ತೂ ಫೇಲು ಅಂತ ಬರೀರಿ" ಎಂದರು ಹೊನ್ನಯ್ಯ. "ಎಲ್ರ ಎದುರಿಗೂ ಬರೀರಿ. ಗಾಜಿಗೆ ಮಸಿ ಬಳ್ದು ಬರೀರಿ. ನನ್ನ ಕೈಲಿದ್ದಾಗ ಫೇಲಾದ ಕಾರು ನಿಮ್ಮ ಕೈಲೂ ಫೇಲಾಗ್ಲಿ. ನನಗೆ ಅಷ್ಟಾದ್ರೂ ನ್ಯಾಯ ಕೊಡಿ."

ಮೂರು ಸಲ ಪಾಸಿಗಾಗಿ ಬಂದು ನಿಂತ ಮನುಷ್ಯ ಅವರು. ಈಗ ಫೇಲು ಮಾಡಿ ಎಂದು ಕೇಳುತ್ತಿದ್ದರು. ಧ್ವನಿ ಏರಿರಲಿಲ್ಲ. ಕಣ್ಣಿನಿಂದ ನೀರು ಇಳಿದು ಗಡ್ಡದವರೆಗೂ ಬಂದಿತ್ತು, ಒರೆಸಿಕೊಳ್ಳಲಿಲ್ಲ. ಕಾರಿನ ಹಿಂದೆ ಹೋಗಿ, ಬಂಪರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟರು. ಕೀ ಮುಷ್ಟಿಯೊಳಗಿತ್ತು.

ಅರ್ಧ ಗಂಟೆಯಲ್ಲಿ ಪೊಲೀಸರು ಬಂದರು. ಒಬ್ಬ ಜಮಾದಾರ, ಇಬ್ಬರು ಪೇದೆಗಳು. ಜಮಾದಾರ ಪ್ರಸನ್ನಕುಮಾರರ ಕ್ಯಾಬಿನ್ನಿನಲ್ಲಿ ತಣ್ಣನೆಯದೇನೋ ಕುಡಿದು, ಬಾಯಿ ಒರೆಸಿಕೊಂಡು ಹೊರಗೆ ಬಂದ.

"ಬೇರೆಯವರ ಗಾಡಿ ಕೀ ಕೊಡಲ್ಲ ಅಂದ್ರೆ ಕಳ್ಳತನ ಆಗುತ್ತೆ, ಗೊತ್ತಾ ನಿಂಗೆ?"

"ಹೂಂ, ಕಳ್ಳತನವೇ ಆಗಿರೋದು" ಎಂದರು ಹೊನ್ನಯ್ಯ.

ಪೇದೆಗಳು ಎರಡೂ ರಟ್ಟೆ ಹಿಡಿದು ಎಬ್ಬಿಸಿದರು. ಒಬ್ಬ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೀ ತೆಗೆದುಕೊಂಡ. ಅಂಗೈಯಲ್ಲಿ ಕೀಯ ಅಚ್ಚು ಬಿದ್ದಿತ್ತು. ಅದನ್ನು ನೋಡಿದ ಮೇಲೆ ನನಗೆ ನಿಲ್ಲಲಾಗಲಿಲ್ಲ. ಜಮಾದಾರನ ಎದುರು ಹೋದೆ.

"ಸಾಹೇಬ್ರೇ, ನಾನು ನೋಡಿದೀನಿ. ಬರ್ಕೊಳ್ಳಿ."

"ನೀನ್ಯಾರಮ್ಮ?"

"ಸಣ್ಣಮ್ಮ. ಚಹಾ ಮಾರೋಳು. ಹೊಸಮನೆ. ಗಾಜು ಒರೆಸಿದ್ರೆ ಪಾಸು, ಒರೆಸದಿದ್ರೆ ಫೇಲು. ಮೂರು ಸಲ ಒರೆಸಲಿಲ್ಲ. ಕಾರು ಕೈ ಬದಲಾದ ಮೇಲೆ ಒರೆಸಿದ್ರು. ನಾನೇ ನೀರು ಕೊಟ್ಟೆ. ಬರ್ಕೊಳ್ಳಿ."

ಪ್ರಸನ್ನಕುಮಾರರು ನನ್ನನ್ನು ಒಂದು ಸಲ ನೋಡಿ, ಆಮೇಲೆ ನನ್ನ ಅಂಗಡಿಯನ್ನು ನೋಡಿದರು. ಅವರ ಗೋಡೆಗೆ ಒರಗಿದ ಅಂಗಡಿ. ಸಂಜೆಯೊಳಗೆ ಅದನ್ನು ಕಿತ್ತು ಹಾಕಿಸಿಬಿಡುತ್ತಾರೆ ಎಂದು ನನಗೆ ಅನಿಸಿತು. ಆದರೂ ನನ್ನ ಬಾಯಿ ನಿಲ್ಲಲಿಲ್ಲ.

"ಯಾಕೆ ಬರ್ಕೊಳ್ತಿಲ್ಲ? ಬರ್ಕೊಳ್ಳಿ."

"ಹೋಗಮ್ಮ ಆಕಡೆ. ಇದೆಲ್ಲ ಟೆಕ್ನಿಕಲ್ ವಿಷಯ, ನಿಂಗೇನು ಗೊತ್ತಾಗುತ್ತೆ."

ತ್ರಿವಿಕ್ರಮ ನನ್ನ ಪಕ್ಕಕ್ಕೆ ಬಂದು ನಿಂತ. "ನನ್ನ ಮೆಟಡಾರು. ಎರಡು ಸಲ ಫೇಲು. ಒಂದ್ಸಲ ಎಪ್ಪತ್ತೆರಡು, ಒಂದ್ಸಲ ಎಪ್ಪತ್ತಾರು. ಮಾರ್ತೀಯಾ ಅಂತ ಮೊನ್ನೆ ಇವರೇ ಕೇಳಿ ಕಳ್ಸಿದ್ರು. ಬರ್ಕೊಳ್ಳಿ."

ಅವನ ಹಿಂದೆ ಲಗೇಜು ಟೆಂಪೋದವನು ಬಂದ. "ನಂದು ಎಪ್ಪತ್ತು. ಹೋದ ಸೋಮವಾರ. ಬರ್ಕೊಳ್ಳಿ."

ಇನ್ನೊಬ್ಬ ಡ್ರೈವರು ಮುಂದೆ ಬಂದ. "ನನ್ನ ತಂಗಿ ಚಿನ್ನಮ್ಮನ ಗಂಡನ ಜೀಪು ಎಂಬತ್ತೊಂದು. ಮಾರಿ ಆಯ್ತು. ಇವತ್ತು ಅದು ಇವರ ಬೋರ್ಡು ಹಾಕ್ಕೊಂಡು ಸಾಗರಕ್ಕೆ ಓಡ್ತಿದೆ. ಬರ್ಕೊಳ್ಳಿ."

ಹೊನ್ನಯ್ಯನನ್ನು ಪೊಲೀಸ್ ಜೀಪಿನ ಹಿಂದೆ ಕೂರಿಸಿದರು. ಅವರು ಕಂಬಿ ಹಿಡಿದು ನಮ್ಮನ್ನೇ ನೋಡುತ್ತಿದ್ದರು. ನಾವು ಜೀಪಿನ ಮುಂದೆ ನಿಂತೆವು. ಮುಂದಿನ ಸೀಟಿಗೆ ಹತ್ತಿದ ಜಮಾದಾರ ಹಾರನ್ ಹೊಡೆಸಿದ. ಯಾರೂ ಸರಿಯಲಿಲ್ಲ. ಶೆಡ್ಡಿನ ಬಾಗಿಲಲ್ಲಿದ್ದ ವೀರೇಂದ್ರ ಸುಟ್ಟ ಕೈಯನ್ನು ಎದೆಗೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕಿ ಬಂದು ಜಮಾದಾರನ ಕಿಟಕಿಯ ಹತ್ತಿರ ನಿಂತ. ಪ್ರಸನ್ನಕುಮಾರರು, "ವೀರೇಂದ್ರ" ಎಂದು ಕೂಗಿದರು. ಅವನು ತಿರುಗಲಿಲ್ಲ.

"ಮೆಷಿನ್ನು ನಡ್ಸೋನು ನಾನು" ಎಂದ. "ಯಾವ್ಯಾವ ಗಾಡಿಗೆ ಗಾಜು ಒರೆಸಿಲ್ಲ ಅಂತ ನನಗೆ ಗೊತ್ತು. ಒಂದೊಂದೇ ಹೇಳ್ತೀನಿ. ಬರ್ಕೊಳ್ಳಿ."

ಜಮಾದಾರನ ತೊಡೆಯ ಮೇಲೆ ಪುಸ್ತಕ ಬಿಚ್ಚಿಕೊಂಡೇ ಇತ್ತು. ಹಾಳೆಯ ಮೇಲೆ ಒಂದು ಅಕ್ಷರ ಬಿದ್ದಿರಲಿಲ್ಲ, ಪೆನ್ನಿನ ಮುಚ್ಚಳವನ್ನೂ ಅವನು ತೆಗೆದಿರಲಿಲ್ಲ. ವೀರೇಂದ್ರ ಮೊದಲನೇ ಗಾಡಿಯ ನಂಬರು ಹೇಳಿದ. ಅವನು ಹೇಳಿದ್ದನ್ನು ನಾವೆಲ್ಲ ಸೇರಿ ಇನ್ನೊಮ್ಮೆ ಹೇಳಿದೆವು.